ಅಪ್‌ಡೇಟ್: ಬಂಪರ್ ಡ್ಯಾಮೇಜ್‌ಗೆ ಕ್ಲೇಮ್ ಮಾಡಲಿಲ್ಲ

ಪಾರ್ಕಿಂಗ್‌ನಲ್ಲಿ ಯಾರೋ ಗುದ್ದಿ ಹೋಗಿ ನನ್ನ ಕಾರಿನ ಹಿಂದಿನ ಬಂಪರ್ ಒಡೆದಿತ್ತು. ಇನ್ಶೂರೆನ್ಸ್ ಕ್ಲೇಮ್ ಮಾಡಲಾ, ಕೈಯಿಂದ ಕೊಡಲಾ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಶೋರೂಮ್‌ನವರು ಹೊಸ ಬಂಪರ್, ಪೇಂಟ್ ಸೇರಿ 9,500 ಹೇಳಿದರು. "ಕ್ಲೇಮ್ ಹಾಕಿ ಸಾರ್, ನಿಮಗೇನೂ ಖರ್ಚಿಲ್ಲ" ಅಂತ ಬೇರೆ! ಆದರೆ ನನ್ನದು ಝೀರೋ ಡೆಪ್ (ಭಾಗಗಳ ಸವಕಳಿಗೆ ಹಣ ಕಡಿತ ಮಾಡದ) ಪಾಲಿಸಿ ಅಲ್ಲ. ಪ್ಲಾಸ್ಟಿಕ್ ಭಾಗಕ್ಕೆ 50% ಕಡಿತ, ಪೇಂಟ್‌ನಲ್ಲೂ ಸ್ವಲ್ಪ, ಮೇಲೆ ಕಡ್ಡಾಯವಾಗಿ ನಾವೇ ಕಟ್ಟಬೇಕಾದ 1,000. ಕೈಗೆ ಬರುತ್ತಿದ್ದದ್ದು ಸುಮಾರು 5,600.

ಈಗ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೇ ಇದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ನೋಡಿ. ನನಗೆ ಮುಂದಿನ ರಿನ್ಯೂವಲ್‌ಗೆ 45% ಸಿಗಬೇಕು. ಕ್ಲೇಮ್ ಮಾಡಿದರೆ ಸೊನ್ನೆ. ಈ ರಿಯಾಯಿತಿ ಓನ್ ಡ್ಯಾಮೇಜ್ (ನಮ್ಮ ಕಾರಿನ ಹಾನಿಯ) ಪ್ರೀಮಿಯಂಗೆ ಮಾತ್ರ, ಥರ್ಡ್ ಪಾರ್ಟಿಗೆ (ಬೇರೆಯವರಿಗೆ ಆಗುವ ಹಾನಿಯ ಭಾಗಕ್ಕೆ) ಇಲ್ಲ. ನನ್ನ ಓನ್ ಡ್ಯಾಮೇಜ್ ಪ್ರೀಮಿಯಂ ಸುಮಾರು 9,000, ಅಂದರೆ ಮೊದಲ ವರ್ಷವೇ 4,050 ಹೋಗುತ್ತದೆ. ಅದರ ಮುಂದಿನ ವರ್ಷ 50% ಬದಲು 20%, ಅಲ್ಲಿ ಇನ್ನೂ 2,700. 5,600 ಪಡೆಯಲು ಒಟ್ಟು 6,750 ಕಳೆದುಕೊಂಡರೆ ಲಾಸೇ ಅಲ್ವಾ?

ಕೊನೆಗೆ ಹೊರಗಿನ ಗ್ಯಾರೇಜ್‌ನಲ್ಲಿ ಹಳೇ ಬಂಪರನ್ನೇ ವೆಲ್ಡ್ ಮಾಡಿಸಿ ಪೇಂಟ್ ಹೊಡೆಸಿದೆ. 4,200 ಆಯಿತು. ಬಿಸಿಲಲ್ಲಿ ಬಣ್ಣ ಚೂರು ಬೇರೆ ಕಾಣುತ್ತದೆ. ಪರವಾಗಿಲ್ಲ.