ಗೊಂಬೆಗೆ ಗುಂಡುಸೂಜಿ ಚುಚ್ಚೋಕೆ ಬಿಡಬೇಡ ಪುಟ್ಟಿ

ಪುಟ್ಟಿ, ನಮ್ಮ ಮನೆಯವರ ಗುಂಪಿನಲ್ಲಿ ನಿನ್ನ ಮೆಸೇಜು ಈಗಷ್ಟೇ ನೋಡಿದೆ. ಪ್ರದರ್ಶನಕ್ಕೆ ಕೊಡಬೇಕಾದ ಬಟ್ಟೆ ಗೊಂಬೆಗಳು ನಿಲ್ಲುತ್ತಿಲ್ಲ, ಮುಂದಕ್ಕೆ ವಾಲುತ್ತಿವೆ. ಅಲ್ಲಿನವರು "ನೀವು ಸುಮ್ನೆ ಕೊಟ್ಟುಬಿಡಿ, ನಾವು ಬೋರ್ಡಿಗೆ ಪಿನ್ನು ಹೊಡೆದು ನಿಲ್ಲಿಸುತ್ತೇವೆ" ಅನ್ನುತ್ತಿದ್ದಾರೆ. ಏನು ಮಾಡಲಿ ದೊಡ್ಡಮ್ಮ, ಭಯ ಆಗ್ತಿದೆ ಅಂತ ಬರೆದಿದ್ದೀಯ. ಈ ಸಣ್ಣ ಅಕ್ಷರ ಒತ್ತೋಕೆ ನನ್ನ ಬೆರಳಿಗೆ ಆಗಲ್ಲ. ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಯ್ತು ಅಂತ ಯಾರೂ ಮಧ್ಯದಲ್ಲಿ ಎದ್ದು ಹೋಗಬೇಡಿ.

ಮೊದಲು ಇದನ್ನು ಕೇಳು. ಗೊಂಬೆಗೆ ಗುಂಡುಸೂಜಿ ಚುಚ್ಚೋಕೆ ಬಿಡಬೇಡ. ಯಾರು ಎಷ್ಟೇ ನಯವಾಗಿ ಹೇಳಲಿ, ಬಿಡಬೇಡ.

ನನ್ನ ಅಜ್ಜಿ ಗೊಂಬೆ ನಿಮಗೆಲ್ಲ ಗೊತ್ತು. ನಮ್ಮ ಅತ್ತೆಯವರನ್ನು ನೋಡಿಕೊಂಡು ಮಾಡಿದ್ದು. ಅವರದೇ ಹಳೇ ಬಿಳಿ ಹತ್ತಿ ಬಟ್ಟೆ, ಒಗೆದು ಒಗೆದು ಮೆತ್ತಗಾಗಿತ್ತು. ಆ ಮುಖದ ಸುಕ್ಕುಗಳನ್ನು ಬಣ್ಣದಲ್ಲಿ ಬರೆದದ್ದಲ್ಲ, ಸೂಜಿಯಲ್ಲೇ ತಿದ್ದಿದ್ದು. ತಲೆಯ ಹಿಂದಿನಿಂದ ದಾರ ಒಳಗೆ ಬಿಟ್ಟು, ಕಣ್ಣಿನ ಮೂಲೆಯಲ್ಲಿ ಬಟ್ಟೆಯ ಒಂದೇ ಒಂದು ಎಳೆ ಹಿಡಿದು, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಎಳೆಯಬೇಕು. ಸ್ವಲ್ಪ ಜಾಸ್ತಿ ಎಳೆದರೆ ಮುಖ ಸಿಟ್ಟು ಮಾಡಿಕೊಳ್ಳುತ್ತೆ. ಕಡಿಮೆ ಎಳೆದರೆ ಸಪ್ಪೆ. ಅತ್ತೆಯವರು ಅದನ್ನು ನೋಡಿ "ನಾನು ಇಷ್ಟು ಮುದುಕಿನಾ" ಅಂದು, ಆಮೇಲೆ ಬಂದವರಿಗೆಲ್ಲ ತಾವೇ ತೋರಿಸುತ್ತಿದ್ದರು.

ಆ ಗೊಂಬೆಯನ್ನು ಒಂದು ಕಡೆ ಪ್ರದರ್ಶನಕ್ಕೆ ಕೇಳಿದರು. ಎಲ್ಲಿ ಅಂತ ಹೇಳಲ್ಲ, ದೊಡ್ಡವರಿಗೆ ಗೊತ್ತು. ಮಳೆಗಾಲ. ಗಾಜಿನ ಕಪಾಟು, ಬಾಗಿಲು ಮುಚ್ಚಿದರೆ ಒಳಗೆ ಗಾಳಿ ಆಡಲ್ಲ. ಕೊಡುವಾಗಲೇ ಹೇಳಿದ್ದೆ, ಇದಕ್ಕೆ ಏನೂ ಚುಚ್ಚಬೇಡಿ, ಕೂರಿಸಿ ಇಡಿ ಅಂತ. ಆಯ್ತಮ್ಮ ಅಂದರು. ಏನೇನು ಕೊಟ್ಟೆ ಅಂತ ಒಂದು ಚೀಟಿ ಬರೆದುಕೊಡಿ ಅಂದದ್ದಕ್ಕೆ "ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ ಮುಖ ಊದಿಸಿಕೊಂಡರು.

ವಾಪಸ್ ಬಂದಾಗ ಮುಂದಿನಿಂದ ಎಲ್ಲ ಚೆನ್ನಾಗಿತ್ತು. ತಿರುಗಿಸಿ ನೋಡಿದರೆ ಕುತ್ತಿಗೆಯ ಹಿಂದೆ, ಎರಡೂ ಭುಜದ ಮೇಲೆ, ಬೆನ್ನಿನಲ್ಲಿ, ದುಂಡಗೆ ಕಂದು ಕಲೆ. ತುಕ್ಕು! ನಿಲ್ಲಿಸಿಯೇ ತೋರಿಸಬೇಕು ಅಂತ ಕಾಗದಕ್ಕೆ ಹಾಕುವ ಮಾಮೂಲಿ ಗುಂಡುಸೂಜಿಯನ್ನು ಬೆನ್ನಿಗೆ ಚುಚ್ಚಿದ್ದರು. ಒಂದು ಸೂಜಿ ಇನ್ನೂ ಒಳಗೇ ಇತ್ತು. ಮೆಲ್ಲಗೆ ತಿರುವಿ ಎಳೆದರೂ ಬರಲಿಲ್ಲ. ಕೊನೆಗೆ ಬಂದಾಗ ತುದಿಗೆ ಹತ್ತಿಯ ಎಳೆ ಅಂಟಿಕೊಂಡು ಬಂತು, ತುಕ್ಕಿನ ಪುಡಿ ಸಮೇತ.

ಕೇಳಿದರೆ ಏನಂದರು ಗೊತ್ತಾ? "ಕೊಡುವಾಗಲೇ ಇತ್ತೇನೋ ಅಮ್ಮ, ಹಳೇ ಬಟ್ಟೆ ಅಲ್ವಾ." ಅಷ್ಟೇ. ಮಾತು ಮುಗೀತು.

ಕಲೆ ತಾನೇ, ಹಿಂದುಗಡೆ ತಾನೇ ಅಂತ ನೀವು ಅನ್ನಬಹುದು. ತುಕ್ಕು ಬರೀ ಕಲೆ ಅಲ್ಲ, ಅದು ಹತ್ತಿಯನ್ನು ತಿನ್ನುತ್ತೆ. ಕಬ್ಬಿಣ ಸೇರಿದ ಜಾಗದಲ್ಲಿ ನೂಲು ನಿಧಾನವಾಗಿ ಸತ್ವ ಕಳೆದುಕೊಳ್ಳುತ್ತೆ. ಸೂಜಿ ತೆಗೆದ ಮೇಲೂ ಅದು ನಿಲ್ಲಲ್ಲ. ಅತ್ತೆಯವರು ಹೋದ ಮೇಲೆ ಗೊಂಬೆಯನ್ನು ಹೊರಗೆ ತೆಗೆದೆ. ಕುತ್ತಿಗೆ ಹಿಂದೆ ಕಲೆ ಇದ್ದ ಕಡೆ ಈಗ ತೂತು, ಒಳಗಿನ ಹತ್ತಿ ಕಾಣುತ್ತೆ. ತೇಪೆ ಹಾಕೋಣ ಅಂದರೆ ಸುತ್ತಲಿನ ಬಟ್ಟೆ ಹೊಲಿಗೆಯನ್ನು ತಡೆಯಲ್ಲ.

ಚಿಕ್ಕಪ್ಪ ಕೆಳಗೆ ಬರೆದಿದ್ದಾರೆ, ಕಲೆ ಆದರೆ ಬ್ಲೀಚ್ ಹಾಕಿದರಾಯ್ತು ಅಂತ. ಚಿಕ್ಕಪ್ಪ, ನೀವು ಸುಮ್ನಿರಿ. ಬ್ಲೀಚ್ ಹಾಕಿದರೆ ತುಕ್ಕಿನ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತೆ. ನಿಂಬೆರಸದಲ್ಲಿ ತುಕ್ಕು ಹೋಗುತ್ತೆ, ನಿಜ. ಆದರೆ ಅದು ಒಗೆದು ಹಿಂಡುವ ಬಟ್ಟೆಗೆ. ಹತ್ತಿ ತುಂಬಿದ ಗೊಂಬೆಯಲ್ಲಿ ಹುಳಿಯನ್ನು ಪೂರ್ತಿ ತೊಳೆದು ತೆಗೆಯೋದು ಹೇಗೆ? ಒಳಗೆ ಉಳಿದು ಅದೂ ನೂಲನ್ನು ಕೆಡಿಸುತ್ತೆ. ಬಣ್ಣದ ಬಟ್ಟೆಯಾದರೆ ಬಣ್ಣವೂ ಹೋಯ್ತು.

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಗುಂಡುಸೂಜಿ ಚುಚ್ಚೋಕೆ ಬಿಡಬೇಡ ಪುಟ್ಟಿ.

ಇನ್ನೊಂದು ಹೇಳಬೇಕು, ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ. ಆ ಪ್ರದರ್ಶನದಲ್ಲಿ ಗೊಂಬೆಯ ಮುಂದೆ ಒಂದು ಚೀಟಿ ಇತ್ತು. "ಕರಕುಶಲ ವಸ್ತು, ಬಟ್ಟೆ" ಅಂತ. ಪಕ್ಕದ ಗೋಡೆಯ ಚಿತ್ರಗಳಿಗೆಲ್ಲ ಬರೆದವರ ಹೆಸರಿತ್ತು. ಗೊಂಬೆಗೆ ಮಾತ್ರ ಹೆಸರಿಲ್ಲ. ತಾನಾಗೇ ಹುಟ್ಟಿತು ಅಂದುಕೊಂಡಿದ್ದರೇನೋ! ಹೊರಗಿನವರನ್ನು ಯಾಕೆ ಅನ್ನಲಿ, ನಮ್ಮ ಮನೆಯಲ್ಲೇ "ಅವಳದ್ದು ಗೊಂಬೆ ಆಟ" ಅಂದವರು ಈ ಗುಂಪಿನಲ್ಲೇ ಇದ್ದಾರೆ. ಮಕ್ಕಳ ಕಾರ್ಯಕ್ರಮಕ್ಕೆ ಬೇಕು ಅಂತ ತೆಗೆದುಕೊಂಡು ಹೋದ ಎರಡು ಗೊಂಬೆಗಳು ಇವತ್ತಿಗೂ ವಾಪಸ್ ಬಂದಿಲ್ಲ. ಯಾರ ಮನೆಯಲ್ಲಿವೆ ಅಂತ ನನಗೆ ಗೊತ್ತು. ಅವರಿಗೂ ಗೊತ್ತು. ಬಿಡಿ.

ಜರ್ಮನಿಯಲ್ಲಿ ಕೇಟೆ ಕ್ರೂಸೆ ಅಂತ ಒಬ್ಬಾಕೆ ಇದ್ದಳು. ಮಗಳು ಗೊಂಬೆ ಕೇಳಿದಾಗ ಶಿಲ್ಪಿಯಾಗಿದ್ದ ಗಂಡ ಅಂಗಡಿಯದ್ದು ಬೇಡ, ನೀನೇ ಮಾಡು ಅಂದನಂತೆ. 1905ರಲ್ಲಿ ಆಕೆ ಮಾಡಿದ ಮೊದಲ ಗೊಂಬೆ ಎಂಥದ್ದು ಅಂತೀರಿ? ಟವೆಲಿಗೆ ಮರಳು ತುಂಬಿ ಮೈ, ಆಲೂಗಡ್ಡೆ ಇಟ್ಟು ತಲೆ. 1910ರಲ್ಲಿ ಬರ್ಲಿನ್ನಿನ ಒಂದು ದೊಡ್ಡ ಅಂಗಡಿ ಮನೆಯಲ್ಲಿ ಮಾಡಿದ ಆಟಿಕೆಗಳ ಪ್ರದರ್ಶನ ಇಟ್ಟಾಗ ಆಕೆಯ ಬಟ್ಟೆ ಗೊಂಬೆಗಳು ಹೋದವು, ಜನ ಮುಗಿಬಿದ್ದರು. ಆಮೇಲೆ ಪ್ರತಿ ಗೊಂಬೆಯ ಎಡಗಾಲಿನ ಅಡಿಯಲ್ಲಿ ಅವಳ ಹೆಸರು, ಒಂದು ನಂಬರು. ಚೀಟಿ ಕಿತ್ತು ಹಾಕಬಹುದು, ಅಂಗಾಲು ಕಿತ್ತು ಹಾಕೋಕೆ ಆಗುತ್ತಾ? ನೀನೂ ನಿನ್ನ ಗೊಂಬೆಗಳ ಪಾದಕ್ಕೆ ಹೆಸರು, ವರ್ಷ ಹೊಲಿ. ದಾರದಲ್ಲಿ ಹೊಲಿ, ಪೆನ್ನಿನ ಶಾಯಿ ಹರಡುತ್ತೆ.

ಅಯ್ಯೋ, ನೀನು ಕೇಳಿದ್ದು ನಿಲ್ಲಿಸೋದು ಹೇಗೆ ಅಂತ ಅಲ್ವಾ! ನಾನು ಎಲ್ಲೆಲ್ಲೋ ಹೋದೆ.

ವಾಲೋದು ಯಾಕೆ ಅಂದರೆ ತಲೆ ಭಾರ, ಪಾದ ಚಿಕ್ಕದು. ಎಷ್ಟು ಹತ್ತಿ ತುರುಕಿದರೂ ಬಟ್ಟೆ ಕಾಲು ತಾನಾಗಿ ನಿಲ್ಲಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಒಂದು ಅಗಲದ ಮರದ ಪೀಠ ಮಾಡಿಸು. ಅದರ ಹಿಂಭಾಗದಲ್ಲಿ ಒಂದು ಮರದ ಕಡ್ಡಿ ನೆಡು, ಗೊಂಬೆಯ ಸೊಂಟದವರೆಗೆ ಬಂದರೆ ಸಾಕು. ಕಡ್ಡಿಯ ತುದಿಗೆ ಅರ್ಧ ಬಳೆಯ ಆಕಾರದಲ್ಲಿ ಅಲ್ಯೂಮಿನಿಯಂ ತಂತಿ ಕಟ್ಟಿ, ಅದಕ್ಕೆ ದಪ್ಪಗೆ ಹತ್ತಿ ಪಟ್ಟಿ ಸುತ್ತು. ಗೊಂಬೆಯ ಸೊಂಟ ಅದರಲ್ಲಿ ಕೂರುತ್ತೆ, ಉಡುಪು ಮೇಲೆ ಬಂದರೆ ಕಡ್ಡಿ ಕಾಣಲ್ಲ. ಭಾರ ಸೊಂಟದ ಮೇಲೆ ಇರಲಿ, ಕುತ್ತಿಗೆಗೆ ಮಾತ್ರ ಏನೂ ಕಟ್ಟಬೇಡ. ಪೀಠಕ್ಕೆ ಹೊಸದಾಗಿ ಬಣ್ಣ ಬಳಿದಿದ್ದರೆ ಪೂರ್ತಿ ಒಣಗಲಿ, ಮೇಲೆ ಒಗೆದ ಹತ್ತಿ ಬಟ್ಟೆ ಹಾಸು.

ಗೊಂಬೆಯ ಒಳಗೇ ತಂತಿ ಹಾಕಿದ್ದರೆ ಅದು ಕಬ್ಬಿಣದ್ದಾ ಅಂತ ಈಗಲೇ ನೋಡು. ಹೊರಗಿನ ಸೂಜಿ ಬೇಡ ಅಂತ ಜಗಳ ಆಡಿ ಒಳಗೇ ತುಕ್ಕು ಇಟ್ಟುಕೊಂಡರೆ ಏನು ಬಂತು.

ಬೋರ್ಡಿಗೇ ಹಾಕಬೇಕು ಅಂತ ಹಟ ಹಿಡಿದರೆ ಅದಕ್ಕೂ ದಾರಿ ಇದೆ. ಉಡುಪಿನ ಒಳಗೆ, ಬೆನ್ನಿಗೆ ಅಡ್ಡಲಾಗಿ ಒಂದು ಹತ್ತಿ ಪಟ್ಟಿ ಹೊಲಿ, ಎರಡೂ ತುದಿ ಹೊರಗೆ ಬರಲಿ. ಬೋರ್ಡಿಗೆ ಬಟ್ಟೆ ಹೊದಿಸಿ, ಆ ತುದಿಗಳನ್ನು ಅದಕ್ಕೆ ಹೊಲಿ. ಮುಗಿದ ಮೇಲೆ ದಾರ ಕತ್ತರಿಸಿದರೆ ಆಯ್ತು, ಗೊಂಬೆಗೆ ಪಿನ್ನಿನ ಒಂದು ತೂತೂ ಇಲ್ಲ. ಅವರಿಗೆ ಪಿನ್ನೇ ಬೇಕಾದರೆ ಆ ಪಟ್ಟಿಯ ತುದಿಗೆ ಹೊಡೆದುಕೊಳ್ಳಲಿ, ಅದೂ ಸ್ಟೇನ್‌ಲೆಸ್ ಸ್ಟೀಲಿನದ್ದು. ಹೊಳೆಯೋದೆಲ್ಲ ಸ್ಟೇನ್‌ಲೆಸ್ ಅಲ್ಲ. ಒದ್ದೆ ಬಿಳಿ ಬಟ್ಟೆಯಲ್ಲಿ ಚುಚ್ಚಿ ರಾತ್ರಿ ಇಟ್ಟು ನೋಡು, ಬೆಳಿಗ್ಗೆ ಕಂದು ಗುರುತು ಬಿದ್ದರೆ ಬೇಡ.

ಬೆಳಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕಿಟಕಿ ಪಕ್ಕ ಬೇಡ, ತಲೆಯ ಮೇಲೇ ದೀಪ ಬೇಡ. ಮ್ಯೂಸಿಯಂಗಳಲ್ಲಿ ಬಟ್ಟೆಗೆ 50 ಲಕ್ಸ್ ಬೆಳಕು ಸಾಕು ಅನ್ನುತ್ತಾರೆ (ಲಕ್ಸ್ ಅಂದರೆ ಬೆಳಕಿನ ಅಳತೆ), ಮಂದ ಅನ್ನಿಸುವಷ್ಟು. ಹೋದ ಬಣ್ಣ ತಿರುಗಿ ಬರಲ್ಲ.

ಕೊಡುವ ಮುಂಚೆ ಪ್ರತಿ ಗೊಂಬೆಯದ್ದೂ ನಾಲ್ಕೂ ಕಡೆಯಿಂದ ಫೋಟೋ ತೆಗಿ. ಪಟ್ಟಿ ಎರಡು ಪ್ರತಿ ಬರಿ: ಹೆಸರು, ಅಳತೆ, ಈಗಾಗಲೇ ಇರುವ ಕಲೆ, ಹರಿದದ್ದು ಎಲ್ಲ. ಕೆಳಗೆ "ಗೊಂಬೆಗೆ ಏನೂ ಚುಚ್ಚುವಂತಿಲ್ಲ" ಅಂತ ಸೇರಿಸಿ ಅವರ ಸಹಿ ಹಾಕಿಸು. ನಂಬಿಕೆ ಇಲ್ವಾ ಅಂದರೆ ನನ್ನ ಹೆಸರು ಹೇಳು, ದೊಡ್ಡಮ್ಮ ಬಿಡಲ್ಲ ಅಂತ.

ಈಗ ಒಂದು ಕೆಲಸ ಮಾಡು. ಆ ದೊಡ್ಡ ಗೊಂಬೆಯ ಫೋಟೋ ಕಳಿಸು, ಹಿಂಬದಿಯದ್ದು. ಸೊಂಟದ ಸುತ್ತಳತೆಯೂ ಬೇಕು. ಅದನ್ನು ನೋಡಿ ಕಡ್ಡಿ ಎಷ್ಟು ದಪ್ಪ ಇರಬೇಕು ಅಂತ ಹೇಳುತ್ತೇನೆ.