ಸಹಾಯ ಬೇಕು: ಸ್ಟಫ್ಡ್ ಆಲೂಗಡ್ಡೆಯ ಸಿಪ್ಪೆ ಕೊನೆವರೆಗೂ ಗರಿಗರಿಯಾಗಿ ಉಳಿಯಬೇಕು
ಎಲ್ಲರಿಗೂ ನಮಸ್ಕಾರ, ಚಿಂತಾಮಣಿಯಿಂದ ಬರೆಯುತ್ತಿದ್ದೇನೆ. ಓಟಿಜಿಯಲ್ಲಿ (ಮನೆಯ ಸಣ್ಣ ಕರೆಂಟ್ ಓವನ್) ಸ್ಟಫ್ಡ್ ಆಲೂಗಡ್ಡೆ ಮಾಡುವವರು ಯಾರಾದರೂ ಇದ್ದೀರಾ?

ಗಡ್ಡೆ ತೊಳೆದು, ನೀರಿಲ್ಲದ ಹಾಗೆ ಒರೆಸಿ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಎಣ್ಣೆ ಉಪ್ಪು ಸವರಿ 200 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ನೇರ ಜಾಲರಿ ಮೇಲೇ ಇಡುತ್ತೇನೆ. ಫಾಯಿಲ್ ಸುತ್ತುವುದಿಲ್ಲ, ಸುತ್ತಿದರೆ ಒಳಗೇ ಹಬೆ ಕಟ್ಟಿ ಸಿಪ್ಪೆ ಮೆತ್ತಗಾಗುತ್ತೆ ಅಲ್ವಾ. ಇಲ್ಲಿವರೆಗೆ ಸೂಪರ್. ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಅನ್ನುತ್ತದೆ.

ತೊಂದರೆ ಆಮೇಲೆ. ಎರಡು ಹೋಳು ಮಾಡಿ, ತಿರುಳು ತೆಗೆದು, ಬೆಣ್ಣೆ, ಚೀಸ್, ಮೊಸರು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ಕಲಸಿ ತುಂಬಿ ಮತ್ತೆ 15 ನಿಮಿಷ ಇಟ್ಟರೆ ತಳ ಒದ್ದೆಯಾಗಿಬಿಡುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದರೂ ಅಷ್ಟೇ. ಮೊಸರು ಬಿಟ್ಟರೆ ಒಳಗಿನದು ಹಿಟ್ಟು ಹಿಟ್ಟು, ಬಾಯಲ್ಲಿ ಕರಗುವುದೇ ಇಲ್ಲ.

ತುಂಬುವ ಮೊದಲು ಖಾಲಿ ಸಿಪ್ಪೆಗೆ ಬೆಣ್ಣೆ ಸವರಿ ಇನ್ನೊಂದು ಸಲ ಓವನ್‌ಗೆ ಇಡಬೇಕಾ? ಎಷ್ಟು ಹೊತ್ತು? ಸಿಪ್ಪೆ ಜೊತೆ ತಿರುಳು ಎಷ್ಟು ದಪ್ಪ ಬಿಡಬೇಕು? ಮೊಸರಿನ ಬದಲು ಫ್ರೆಶ್ ಕ್ರೀಮ್ ಸರಿಹೋಗುತ್ತಾ? ಇನ್ನೊಂದು, ಈಗ ಸಂತೆಯಲ್ಲಿ ಸಿಗುತ್ತಿರುವುದು ಹೊಸ ಗಡ್ಡೆ, ಉಗುರು ತಾಗಿದರೆ ಸಿಪ್ಪೆ ಸುಲಿಯುತ್ತದೆ, ನೀರು ಜಾಸ್ತಿ. ಇದಕ್ಕೆ ಹಳೇ ಗಡ್ಡೆಯೇ ಬೇಕು ಅಂತ ನನಗೆ ಅನಿಸುತ್ತಿದೆ.

ಭಾನುವಾರ ಅಕ್ಕನ ಮಕ್ಕಳು ಬರುತ್ತಾರೆ. ಮಾಡಿ ನೋಡಿದವರು ಅಷ್ಟರೊಳಗೆ ಹೇಳಿ, ಪ್ಲೀಸ್.