ಪದಚರ್ಚೆ: ಅಕೌಂಟಬಿಲಿಟಿಗೆ ಎಲ್ಲ ಕಡೆ ‘ಉತ್ತರದಾಯಿತ್ವ’ ಸಾಕೇ?

ಬಲ್ಲವರಲ್ಲಿ ಒಂದು ವಿಚಾರಣೆ.

ಬಡ ದೇಶಗಳ ತೆರಿಗೆ ಮತ್ತು ವಿದೇಶಿ ನೆರವಿನ ಬಗ್ಗೆ ಬರೆಯುವಾಗ ಅಕೌಂಟಬಿಲಿಟಿ ಎಂಬ ಮಾತು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಉತ್ತರದಾಯಿತ್ವ, ಹೊಣೆಗಾರಿಕೆ, ಜವಾಬ್ದಾರಿ ಮೂರೂ ಬಳಕೆಯಲ್ಲಿವೆ. ಎಲ್ಲ ಕಡೆ ಒಂದನ್ನೇ ಹಾಕಿದರೆ ಅರ್ಥ ಕೆಡುತ್ತದೆ ಎಂದು ನನಗನ್ನಿಸುತ್ತದೆ.

ಘಾನಾ ಸರ್ಕಾರ 1995ರಲ್ಲಿ ಶೇ 17.5ರ ಮೌಲ್ಯವರ್ಧಿತ ತೆರಿಗೆ ಹೇರಿತು. ಅಕ್ರಾದಲ್ಲಿ ಜನ ಬೀದಿಗಿಳಿದರು, ತೆರಿಗೆ ವಾಪಸಾಯಿತು. 1998ರಲ್ಲಿ ಮತ್ತೆ ತಂದಾಗ ದರ ಶೇ 10ಕ್ಕೆ ಇಳಿದಿತ್ತು. ಕೆನ್ಯಾದಲ್ಲಿ 2024ರ ಜೂನ್‌ನಲ್ಲಿ ತೆರಿಗೆ ಏರಿಸುವ ಹಣಕಾಸು ಮಸೂದೆ ವಿರೋಧಿಸಿ ಪ್ರತಿಭಟನಕಾರರು ಸಂಸತ್ತಿಗೇ ನುಗ್ಗಿದರು; ಮರುದಿನ ಅಧ್ಯಕ್ಷ ರುಟೊ ಸಹಿ ಹಾಕುವುದಿಲ್ಲ ಎಂದರು. ಇಲ್ಲಿ ಕೇಳುವವರು ತೆರಿಗೆ ಕಟ್ಟುವವರು, ಉತ್ತರ ಹೇಳಬೇಕಾದದ್ದು ಸರ್ಕಾರ. ಉತ್ತರದಾಯಿತ್ವ ಸರಿಯಾಗಿ ಒಪ್ಪುತ್ತದೆ.

ನೆರವಿನ ಹಣದಲ್ಲಿ ಹಾಗಲ್ಲ. ವರದಿ, ಖರ್ಚಿನ ಪಟ್ಟಿ, ಲೆಕ್ಕಪರಿಶೋಧನೆ ಎಲ್ಲ ಹೋಗುವುದು ಹಣ ಕೊಟ್ಟವರ ಕಚೇರಿಗೆ. ಅದು ‘ಲೆಕ್ಕ ಒಪ್ಪಿಸುವುದು’ ಅಷ್ಟೇ, ಉತ್ತರದಾಯಿತ್ವ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ಎರಡರ ಅಂತರ ಉಗಾಂಡದಲ್ಲಿ ಚೆನ್ನಾಗಿ ಕಾಣುತ್ತದೆ. 1991–95ರ ಅವಧಿಯಲ್ಲಿ ಪ್ರಾಥಮಿಕ ಶಾಲೆಗಳಿಗೆಂದು ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ತಲಾವಾರು (ಮಗುವಿಗೆ ಇಷ್ಟು ಎಂಬ) ಅನುದಾನದಲ್ಲಿ ಶಾಲೆ ಮುಟ್ಟುತ್ತಿದ್ದದ್ದು ಸರಾಸರಿ ಶೇ 13 ಮಾತ್ರ. ಉಳಿದದ್ದು ನಡುವೆಯೇ ಕರಗುತ್ತಿತ್ತು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಹೋಯಿತು ಎಂಬುದನ್ನು ಸರ್ಕಾರ ಪತ್ರಿಕೆಗಳಲ್ಲಿ ಪ್ರಕಟಿಸಿತು, ಶಾಲೆಗಳಲ್ಲೂ ಬಂದ ಹಣದ ವಿವರ ಅಂಟಿಸಲು ಹೇಳಿತು. ಶಾಲೆಗೆ ಮುಟ್ಟುವ ಪಾಲು ಬಹಳಷ್ಟು ಏರಿತು. ಸುಧಾರಣೆಗೆ ಬೇರೆ ಕಾರಣಗಳೂ ಇದ್ದವು ಎನ್ನುವ ವಿದ್ವಾಂಸರಿದ್ದಾರೆ. ಆದರೂ ಹೆತ್ತವರು ನಿಂತು ಓದಬಹುದಾದ ಲೆಕ್ಕಕ್ಕೂ ಕಡತದೊಳಗಿನ ಲೆಕ್ಕಕ್ಕೂ ಒಂದೇ ಹೆಸರು ಸಲ್ಲದು.

ಉಳಿದೆರಡು ಪದಗಳಲ್ಲಿ, ಜವಾಬ್ದಾರಿಯ ಬೇರಿನಲ್ಲೇ ‘ಜವಾಬು’ ಇದೆ, ಆದರೆ ಬಳಕೆಯಲ್ಲಿ ಅದು ಕರ್ತವ್ಯದ ಕಡೆಗೆ ಸರಿದುಬಿಟ್ಟಿದೆ. ಹೊಣೆ ಎಂದರೆ ಜಾಮೀನು; ಹೊಣೆಗಾರಿಕೆಯಲ್ಲಿ ತಪ್ಪಿಗೆ ತಲೆಕೊಡುವ ಅರ್ಥವೇ ಮುಂದು.

ತೆರಿಗೆಯ ಸಂದರ್ಭಕ್ಕೆ ಉತ್ತರದಾಯಿತ್ವ, ನೆರವಿಗೆ ಲೆಕ್ಕ ಒಪ್ಪಿಸುವಿಕೆ ಎಂದು ಬೇರ್ಪಡಿಸಬಹುದೇ? ಹಾಗಾದರೆ ವಿದೇಶಿ ನೆರವು ಹೇಗಿರಬೇಕೆಂದು ದೇಶಗಳು ಒಪ್ಪಿಕೊಂಡ 2005ರ ಪ್ಯಾರಿಸ್ ಘೋಷಣೆಯಲ್ಲಿ, ಕೊಡುವ ದೇಶವೂ ಪಡೆಯುವ ದೇಶವೂ ಒಬ್ಬರಿಗೊಬ್ಬರು ಉತ್ತರ ಹೇಳಬೇಕೆಂಬ ತತ್ವವಿದೆಯಲ್ಲ, ಅದಕ್ಕೇನನ್ನಬೇಕು? ಅಂದಹಾಗೆ, ನೆರವಿನಲ್ಲಿ ಕಡಿಮೆ ಬಡ್ಡಿಯ ಸಾಲವೂ ಸೇರಿರುವಾಗ ಕೊಡುವವರನ್ನು ‘ದಾನಿ’ ಎನ್ನುವುದು ಸರಿಯೇ? ದಯವಿಟ್ಟು ತಿಳಿಸಿ.